ನಾಲ್ಕು ಗಾಲಿಗೆ ನಾಲ್ಕು ನೆಲ

ಹಳೆಯ ಮಾರುತಿ ಜಿಪ್ಸಿಯ ಮುಂದೆ ಮಂಡಿಯೂರಿ ಬಂಪರಿನ ಕೆಳಗೆ ಕತ್ತು ತೂರಿಸಿದರೆ ಒಂದು ಉಕ್ಕಿನ ಸರಳು ಕಾಣುತ್ತದೆ. ಎಡಗಾಲಿಯ ಹತ್ತಿರ ಹುಟ್ಟಿ, ಅಡ್ಡಕ್ಕೆ ಹಾಯ್ದು, ಬಲಗಾಲಿಯ ಹತ್ತಿರ ಮುಗಿಯುವ, ಎರಡೂ ತುದಿ ಒಂದೇ ದಿಕ್ಕಿಗೆ ಬಾಗಿದ ಸರಳು. ಕಂಪನಿಯ ಪುಸ್ತಕದಲ್ಲಿ ಅದು ಸ್ಟೆಬಿಲೈಸರ್ ಬಾರ್, ಗ್ಯಾರೇಜಿನಲ್ಲಿ ಬರೀ ಬಾರ್. ತುದಿಯ ಗಿಡ್ಡ ಲಿಂಕಿಗೆ ಫಿಟ್ಟರುಗಳು ಜಂಪಿಂಗ್ ರಾಡ್ ಅನ್ನುವುದೂ ಉಂಟು. ಮಣ್ಣು ಮೆತ್ತಿ, ಗ್ರೀಸು ಹಿಡಿದು, ಇದ್ದೂ ಇಲ್ಲದಂತೆ ಇರುವ ಈ ಸರಳನ್ನು ಬಿಚ್ಚಿಟ್ಟು ಎರಿಹೊಲದ ಒಡ್ಡು ಹತ್ತಿದಾಗ ಸಿಗುವ ಸುಖವನ್ನು ಸಾವಕಾಶವಾಗಿ ಹೇಳಬೇಕೆಂದು ಬಹಳ ದಿನದಿಂದ ಅನ್ನಿಸಿತ್ತು.

ಬಾರಿನ ಕೆಲಸ ತಿಳಿಯುವುದು ಕಷ್ಟವಲ್ಲ. ಅದರ ನಡುಭಾಗವನ್ನು ಎರಡು ರಬ್ಬರ್ ಬುಷ್‌ಗಳ ಮೂಲಕ ಚಾಸಿಗೆ ಹಿಡಿಸಿರುತ್ತಾರೆ. ತುದಿಗಳನ್ನು ಆಕ್ಸಲ್ಲಿಗೆ ಕಟ್ಟಿರುತ್ತಾರೆ. ಎರಡೂ ಗಾಲಿ ಒಟ್ಟಿಗೆ ಏರಿದರೆ, ಅಂದರೆ ಊರ ಮುಂದಿನ ಹಂಪ್ ಹತ್ತಿದರೆ, ಬಾರು ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಒಂದೇ ಗಾಲಿ ಏರಿತೋ, ಆಗ ತಿರುಚಿಕೊಳ್ಳುತ್ತದೆ. ಏರಿದ್ದನ್ನು ಕೆಳಕ್ಕೆ ಒತ್ತುತ್ತದೆ, ಇಳಿದದ್ದನ್ನು ಮೇಲಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಗಾಡಿಯ ಮೈ ಒಂದು ಕಡೆ ವಾಲುವಾಗಲೂ ಇದೇ ತಿರುಚು, ಇದೇ ಎಳೆತ. ಮೈ ಕಡಿಮೆ ವಾಲುತ್ತದೆ. ಕೆನಡಾದ ಫ್ರೆಡೆರಿಕ್ಟನ್ ಊರಿನ ಸ್ಟೀಫನ್ ಕೋಲ್‌ಮನ್ ಎಂಬಾತನಿಗೆ ಇದರ ಮೊದಲ ಪೇಟೆಂಟ್ ಸಿಕ್ಕಿದ್ದು 1919ರಲ್ಲಿ. ದಪ್ಪದ ಲೆಕ್ಕ ಮಾತ್ರ ಸ್ವಲ್ಪ ಬೆರಗು ಹುಟ್ಟಿಸುವಂಥದ್ದು. ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿಲಿಮೀಟರ್ ಬಾರು ತೆಗೆದು 22 ಮಿಲಿಮೀಟರಿನದನ್ನು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು, ಬಿಗಿ ಮಾತ್ರ ಶೇಕಡ 46ರಷ್ಟು ಹೆಚ್ಚಿರುತ್ತದೆ.

ಟಾರ್ ರಸ್ತೆಗೆ ಇದು ಒಳ್ಳೆಯ ಸಾಮಾನು. ಎಡಗಾಲಿಗೂ ಬಲಗಾಲಿಗೂ ನೆಲ ಒಂದೇ ಎಂದು ನಂಬಿ ಮಾಡಿದ್ದು, ಟಾರಿನ ಮೇಲೆ ಆ ನಂಬಿಕೆ ಸುಳ್ಳಾಗುವುದೂ ಅಪರೂಪ. ನಮ್ಮ ಕೊಪ್ಪಳ ಜಿಲ್ಲೆಯ ಯಲಬುರ್ಗಾದ ಹೊಲದಲ್ಲಿ ಅದು ಮೊದಲ ಮಾರಿನಲ್ಲೇ ಸುಳ್ಳಾಗುತ್ತದೆ.

ಒಲೆಗೆ ನಮ್ಮ ಹಿರಿಯರು ಮೂರು ಕಲ್ಲು ಇಟ್ಟರು, ನಾಲ್ಕು ಇಡಲಿಲ್ಲ. ಮೂರು ಕಲ್ಲು ಎಂಥ ನೆಲದಲ್ಲಿ ಇಟ್ಟರೂ ಗಡಿಗೆ ಅಲುಗದೆ ಕೂರುತ್ತದೆ. ನಾಲ್ಕನೆಯದು ಬಂದ ಕ್ಷಣವೇ ತಕರಾರು ಶುರು, ಯಾವುದಾದರೂ ಒಂದಕ್ಕೆ ಗಡಿಗೆ ತಾಗುವುದಿಲ್ಲ. ನಾಲ್ಕು ಗಾಲಿಯ ಎಲ್ಲ ಗಾಡಿಗಳ ಮೂಲ ಸಂಕಟ ಇದೇ. ಸ್ಪ್ರಿಂಗು, ಕಮಾನುಪಾಟಾ, ಶಾಕ್ ಅಬ್ಸಾರ್ಬರ್ ಎಲ್ಲವೂ ಆ ನಾಲ್ಕನೆಯದನ್ನು ಹೇಗಾದರೂ ನೆಲಕ್ಕೆ ಮುಟ್ಟಿಸುವ ಹರಸಾಹಸಗಳು.

ಚಕ್ಕಡಿ ಈ ಸಂಕಟಕ್ಕೆ ಸಿಕ್ಕಿಕೊಳ್ಳಲೇ ಇಲ್ಲ. ಎರಡು ಗಾಲಿ, ಮುಂದೆ ನೊಗ, ಅಲ್ಲಿಗೆ ಮೂರು. ಇರುಸಿನ ಮೇಲೆ ನೇರವಾಗಿ ಕೂತ ಚೌಕಟ್ಟು, ಎಲ್ಲಿಯೂ ಒಂದು ಸ್ಪ್ರಿಂಗಿಲ್ಲ, ಆದರೂ ಯಾವ ಒಡ್ಡಿನ ಮೇಲೂ ಅದರ ಗಾಲಿ ಗಾಳಿಯಲ್ಲಿ ತೂಗಾಡುವುದಿಲ್ಲ. ಒಂದು ಗಾಲಿ ಕಲ್ಲಿನ ಮೇಲೆ, ಇನ್ನೊಂದು ತಗ್ಗಿನಲ್ಲಿ, ನೊಗ ಎತ್ತಿನ ಹೆಗಲು ಎಲ್ಲಿದೆಯೋ ಅಲ್ಲಿ. ಮೈ ವಾಲುತ್ತದೆ, ವಾಲಲಿ ಬಿಡಿ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿಗಂಟು ಹೊತ್ತು ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದವರಿಗೆ ಆ ವಾಲಾಟ ಮೈಗೆ ಗೊತ್ತು. ಸೊಂಟ ನೋಯುತ್ತದೆ ನಿಜ, ಆದರೆ ಭಯವಾಗುವುದಿಲ್ಲ. ಭಯವಾಗುವುದು ಯಾವಾಗ ಎಂಬುದನ್ನು ಆಮೇಲೆ ಹೇಳುತ್ತೇನೆ.

ಟ್ರ್ಯಾಕ್ಟರ್ ಇನ್ನೂ ಚೆಂದ. ಗಂಗಾವತಿಯ ಗದ್ದೆಯಿಂದ ಹನುಮಸಾಗರದ ಮಸಾರಿಯವರೆಗೆ ಈ ಸೀಮೆಯಲ್ಲಿ ದಿನವೂ ಕಾಣುವ ವಸ್ತು, ಹಾಗಾಗಿಯೇ ಯಾರೂ ನೋಡದ ವಸ್ತು. ಅದರ ಹಿಂದಿನ ಆಕ್ಸಲ್ ಗೇರ್‌ಬಾಕ್ಸಿಗೆ ಗಟ್ಟಿಯಾಗಿ ಕೂತಿದೆ, ಸ್ಪ್ರಿಂಗೇ ಇಲ್ಲ. ಮುಂದಿನ ಆಕ್ಸಲ್ ಒಂದು ತೊಲೆ; ಅದರ ನಟ್ಟನಡುವೆ ಒಂದು ದಪ್ಪ ಪಿನ್ನು. ಆ ಪಿನ್ನಿನ ಸುತ್ತ ತೊಲೆ ತಕ್ಕಡಿಯ ದಂಡಿಗೆಯಾಗಿ ಆಡುತ್ತದೆ. ಎಡಗಾಲಿ ಒಂದು ಗೇಣು ಏರಿದರೆ ಬಲಗಾಲಿ ಒಂದು ಗೇಣು ಇಳಿಯುತ್ತದೆ, ಎಂಜಿನ್ನಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ನಾಲ್ಕು ಗಾಲಿ ಇದ್ದರೂ ನೆಲದ ಲೆಕ್ಕಕ್ಕೆ ಅದು ಮೂರು ಕಾಲಿನದು: ಹಿಂದಿನ ಎರಡು ಗಾಲಿ, ಮುಂದಿನ ಒಂದು ಪಿನ್ನು. ಇಷ್ಟು ದೊಡ್ಡ ಯಂತ್ರದ ಇಷ್ಟು ದೊಡ್ಡ ತಕರಾರನ್ನು ಒಂದೇ ಪಿನ್ನಿನಲ್ಲಿ ಮುಗಿಸಿದವನ ಬುದ್ಧಿಗೆ ನಾನು ದಿನಾ ಕೈಮುಗಿಯಲು ಸಿದ್ಧ. ಒಡ್ಡು ದಾಟುತ್ತಿರುವ ಟ್ರ್ಯಾಕ್ಟರನ್ನು ಎದುರಿನಿಂದ ನೋಡಬೇಕು. ಮೂತಿ ನೆಟ್ಟಗೆ ನಿಂತಿರುತ್ತದೆ, ಕೆಳಗೆ ಗಾಲಿಗಳು ಮಾತ್ರ ಓರೆಯಾಗಿ ಏರಿಳಿಯುತ್ತಿರುತ್ತವೆ.

ಜಿಪ್ಸಿಯ ಬಾರು ಬಿಚ್ಚುವುದೆಂದರೆ ಅದನ್ನು ಈ ಟ್ರ್ಯಾಕ್ಟರಿನ ಕಡೆಗೆ ಎರಡು ಹೆಜ್ಜೆ ಕರೆದೊಯ್ಯುವುದು.

1940ರ ದಶಕದ ವಿಲ್ಲಿಸ್ ಜೀಪಿಗೆ ಈ ಬಾರು ಇರಲೇ ಇಲ್ಲ. ಗಟ್ಟಿ ಆಕ್ಸಲ್ ಎರಡು, ಕಮಾನುಪಾಟಾ ನಾಲ್ಕು, ಅಷ್ಟೇ. ವೇಗವೂ ಅಷ್ಟಕ್ಕಷ್ಟೇ, ಆದ್ದರಿಂದ ಬೇಕಾಗಲೂ ಇಲ್ಲ. ಸುಜುಕಿಯವರ ಎಸ್‌ಜೆ ಗಾಡಿ ಮಾರುತಿ ಜಿಪ್ಸಿ ಎಂಬ ಹೆಸರಿನಲ್ಲಿ ನಮ್ಮಲ್ಲಿಗೆ ಬಂದದ್ದು 1985ರಲ್ಲಿ, 970 ಸಿಸಿ ಪೆಟ್ರೋಲ್ ಎಂಜಿನ್ ಹೊತ್ತು. ಕಿರಿದಾದ ಮೈ, ಎತ್ತರದ ನಿಲುವು. 1993ರಲ್ಲಿ ಎರಡು ಬದಿಯ ಗಾಲಿಗಳ ನಡುವಿನ ಅಂತರವನ್ನು 90 ಮಿಲಿಮೀಟರ್ ಹಿಗ್ಗಿಸಿ, ಮುಂದೆ 1300, ಹಿಂದೆ 1310 ಮಾಡಿದರು. 1996ರಲ್ಲಿ 1300 ಸಿಸಿ ಎಂಜಿನ್ ಬಂತು. ಗಾಲಿಯಂತರ ಹಿಗ್ಗಿಸುವುದು, ಬಾರು ಹಾಕುವುದು ಇವೆರಡೂ ವಾಲುವ ಗಾಡಿಗೆ ಮಾಡುವ ಔಷಧಿಯೇ, ಆದರೆ ನನ್ನ ಮಟ್ಟಿಗೆ ಮೊದಲನೆಯದು ಹೆಚ್ಚು ಮರ್ಯಾದೆಯ ಔಷಧಿ. ಅಗಲವಾದ ಗಾಡಿ ಗಾಲಿಗಳನ್ನು ಕಟ್ಟಿಹಾಕುವುದಿಲ್ಲ. ಬಾರು ಕಟ್ಟಿಹಾಕುತ್ತದೆ.

ಈಗ ಹೊಲಕ್ಕೆ ಇಳಿಯೋಣ. ಯಾವ ಹೊಲಕ್ಕೆ ಎಂಬುದೂ ಮುಖ್ಯ, ಈ ಜಿಲ್ಲೆಯಲ್ಲಿ ನೆಲ ಒಂದೇ ರೀತಿಯದಲ್ಲ. ಯಲಬುರ್ಗಾ, ಕುಕನೂರಿನ ಕಡೆ ಕಪ್ಪು ಎರಿ. ಮಳೆಗಾಲದಲ್ಲಿ ಅದರ ಸಹವಾಸ ಬೇಡ. ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಡಿ ನಿಂತೇ ಬಿಡುತ್ತದೆ, ಅಲ್ಲಿ ಬಾರು ಇದ್ದರೂ ಒಂದೇ ಬಿಟ್ಟರೂ ಒಂದೇ. ಕಡಲೆ, ಬಿಳಿಜೋಳ ಕೊಯ್ದ ಮೇಲೆ, ಬಿರುಕು ಬಿಡುವ ಮುಂಚೆ, ಎರಿ ಗಟ್ಟಿಯೂ ಹದವೂ ಆಗಿರುವ ಕೆಲವು ವಾರ ಇರುತ್ತವೆ. ಆಗ ಅದರ ಒಡ್ಡುಗಳು ಈ ಆಟಕ್ಕೆ ಹೇಳಿ ಮಾಡಿಸಿದಂಥವು. ಕುಷ್ಟಗಿ, ತಾವರಗೇರಾ ಕಡೆಯ ಮಸಾರಿ ಬೇರೆ ಸ್ವಭಾವದ್ದು. ಕೆಂಪು, ಗರಸು ಬೆರೆತದ್ದು, ಮಳೆ ನೀರು ಕೊರೆದ ಕೊರಕಲುಗಳು ಬಂಡಿದಾರಿಗೆ ಅಡ್ಡಡ್ಡ ಬಿದ್ದಿರುತ್ತವೆ. ಗಾಡಿ ಅವುಗಳನ್ನು ನೇರ ದಾಟಲಾಗದು, ಓರೆಯಾಗಿಯೇ ಇಳಿಯಬೇಕು. ಓರೆಯಾಗಿ ಇಳಿದರೆ ಒಂದು ಮುಂಗಾಲಿ ತಗ್ಗಿನಲ್ಲಿ, ಅದಕ್ಕೆ ಮೂಲೆಗೆದುರಾದ ಹಿಂಗಾಲಿಯೂ ತಗ್ಗಿನಲ್ಲಿ, ಉಳಿದೆರಡು ಮೇಲೆ. ಕೊಪ್ಪಳದ ಹಿರೇಹಳ್ಳದ ಆಸುಪಾಸಿನಲ್ಲಿ ಉಸುಕು, ನಡುನಡುವೆ ಗುಂಡುಗಲ್ಲು. ಗಂಗಾವತಿಯಿಂದ ಆನೆಗೊಂದಿಯತ್ತ ಹೋದರೆ ಬರೀ ಬಂಡೆ.

ಆ ಬಂಡೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಂಪಿ, ಆನೆಗೊಂದಿ, ಗಂಗಾವತಿಯ ಗುಡ್ಡಗಳನ್ನು ಮಾಡಿದ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರ, ಬ್ರಿಟಿಷರ ಕಾಲದ ಹೆಸರು. ಅಲ್ಲಿಯ ಗುಡ್ಡಕ್ಕೂ ಇಲ್ಲಿಯದಕ್ಕೂ ವಂಶ ಒಂದೇ, ವಯಸ್ಸು ಸುಮಾರು 250 ಕೋಟಿ ವರ್ಷ. ಬಿರುಕಿನೊಳಗೆ ನೀರು ಇಳಿದು, ಮೂಲೆಗಳು ಮೊದಲು ಕರಗಿ, ಚೌಕದ ಕಲ್ಲುಗಳು ಗುಂಡಗಾದವು. ಸುತ್ತಲಿನ ಪುಡಿಮಣ್ಣು ತೊಳೆದುಹೋಗಿ ಗುಂಡುಗಳು ಒಂದರ ಮೇಲೊಂದು ಉಳಿದವು. ಕೊಪ್ಪಳದ ಪಾಲ್ಕಿಗುಂಡಿನಲ್ಲಿ ಎರಡು ಬಂಡೆಗಳ ಮೇಲೆ ಒಂದು ಹಾಸುಗಲ್ಲು ಪಲ್ಲಕ್ಕಿಯ ಚಾವಣಿಯಾಗಿ ನಿಂತಿದೆ. ಅದರ ನೆರಳಿನಲ್ಲಿ ಅಶೋಕನ ಶಾಸನವಿದೆ, ಊರ ಇನ್ನೊಂದು ಕಡೆ ಗವಿಮಠದ ಗುಡ್ಡದಲ್ಲಿ ಅದರ ಜೊತೆಗಾರ ಶಾಸನ. ಭಾರ ಹೊತ್ತ ವಸ್ತು ನೆಲವನ್ನು ಎಲ್ಲಿ ಮುಟ್ಟುತ್ತದೆ ಎಂದು ನೋಡುವ ಚಟವಿದ್ದವನಿಗೆ ಪಾಲ್ಕಿಗುಂಡಿನಲ್ಲಿ ಅರ್ಧ ದಿನ ಸಲೀಸಾಗಿ ಹೋಗುತ್ತದೆ. ನಡೆದು ಹೋಗಬೇಕು. ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಂಸ್ಕೃತಿಯ ಕಲ್ಮನೆಗಳಿಗೂ ಅಷ್ಟೇ, ನಡೆದೇ ಹೋಗಬೇಕು. ಬಂಕಾಪುರದ ತೋಳಧಾಮದ ಅಂಚಿಗೂ ನಮ್ಮ ಗಾಡಿಯ ಸದ್ದು ಸುಳಿಯಬಾರದು. ಗಾಡಿಗೆ ಹತ್ತಲು ಶಕ್ತಿ ಇದೆ ಎಂಬುದು ಹತ್ತಲು ಕಾರಣವಾಗುವುದಿಲ್ಲ. ಬಂಡಿದಾರಿ, ಹಳ್ಳದ ದಂಡೆ, ಒಡೆಯರ ಅಪ್ಪಣೆ ಇದ್ದ ಕೊಯ್ಲಾದ ಹೊಲ, ಇಷ್ಟು ಸಾಕು, ಬೇಕಾದಷ್ಟಾಯಿತು.

ಬಾರು ಇರುವ ಜಿಪ್ಸಿಯನ್ನು ಒಡ್ಡಿಗೆ ಓರೆಯಾಗಿ ಹತ್ತಿಸಿ. ಎಡ ಮುಂಗಾಲಿ ಒಡ್ಡು ಏರುತ್ತದೆ. ಬಲಗಾಲಿ ತಗ್ಗಿಗೆ ಇಳಿಯಬೇಕು, ಆದರೆ ಬಾರು ಅದನ್ನು ಮೇಲಕ್ಕೆ ಎಳೆದು ಹಿಡಿದಿದೆ. ಅದರ ಮೇಲಿನ ಭಾರ ಇಳಿಯುತ್ತ ಹೋಗುತ್ತದೆ, ಟೈರು ಮಣ್ಣನ್ನು ಸವರುತ್ತದೆಯೇ ಹೊರತು ಕಚ್ಚುವುದಿಲ್ಲ. ಇಲ್ಲಿ ಡಿಫರೆನ್ಷಿಯಲ್ ಎಂಬ ಇನ್ನೊಬ್ಬ ಆಸಾಮಿಯ ಪ್ರವೇಶ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮನಾದ ತಿರುಗುಬಲವನ್ನಷ್ಟೇ ಕೊಡಬಲ್ಲದು. ಒಂದು ಗಾಲಿ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಅಂದರೆ ನೆಲದಲ್ಲಿರುವ ಇನ್ನೊಂದಕ್ಕೂ ಸಿಗುವುದು ಅಷ್ಟೇ, ಹೆಚ್ಚುಕಡಿಮೆ ಏನೂ ಇಲ್ಲ. ಮುಂದೆ ಒಂದು, ಹಿಂದೆ ಮೂಲೆಗೆದುರಾಗಿ ಒಂದು, ಎರಡು ಗಾಲಿ ಸುಮ್ಮನೆ ಗಿರಗಿರ ತಿರುಗುತ್ತವೆ. ಫೋರ್ ವೀಲ್ ಡ್ರೈವ್ ಎಂದು ಬಾಗಿಲ ಮೇಲೆ ಬರೆದ ಗಾಡಿ ಮೊಣಕಾಲೆತ್ತರದ ಒಡ್ಡಿನ ಮೇಲೆ ನಿಂತೇ ಇರುತ್ತದೆ. ಹೊಲದವರು ನಗುತ್ತಾರೆ, ಅವರ ತಪ್ಪಿಲ್ಲ. ನಿಂತ ಗಾಡಿಯನ್ನು ದಾಟಿಸಲು ಚಾಲಕ ಆಗ ಮಾಡುವುದು ಒಂದೇ: ಹಿಂದೆ ಬಂದು, ಎಕ್ಸಲರೇಟರ್ ತುಳಿದು, ಓಡಿಸಿಕೊಂಡು ಬಂದು ಹಾರಿಸುವುದು. ಗಾಡಿ ಮುರಿಯುವುದು, ಒಡ್ಡು ಒಡೆಯುವುದು, ಮೈ ನೋಯುವುದು ಎಲ್ಲ ಆ ಹಾರಾಟದಲ್ಲಿ.

ಬಾರು ಬಿಚ್ಚಿದ ಗಾಡಿಗೆ ಹಾರಾಟದ ಅಗತ್ಯ ಬೀಳುವುದಿಲ್ಲ. ಲೋ ಗೇರಿಗೆ ಹಾಕಿ, ಎಕ್ಸಲರೇಟರಿನಿಂದ ಕಾಲು ತೆಗೆದು, ಎಂಜಿನ್ ತನ್ನಷ್ಟಕ್ಕೆ ಎಳೆಯಲು ಬಿಟ್ಟರೆ ಸಾಕು. ನಿಜವಾದ ರಸ ಸಿಗುವುದು ಚಾಲಕನಿಗಲ್ಲ, ಪಕ್ಕದಲ್ಲಿ ನಡೆಯುತ್ತ ಹೋಗುವವನಿಗೆ. ಗಾಡಿಯ ವೇಗ ಅವನ ನಡಿಗೆಗಿಂತ ಕಡಿಮೆ. ಎಡಗಾಲಿ ಒಡ್ಡಿನ ಬುಡಕ್ಕೆ ತಾಗುತ್ತದೆ, ಒಂದು ಉಸಿರು ತಡೆಯುತ್ತದೆ, ಏರಲು ಶುರುಮಾಡುತ್ತದೆ. ಮೇಲಿನ ಪಾಟಾ ನೆಟ್ಟಗಾಗುತ್ತ ಬರುತ್ತದೆ; ಆ ಬದಿಯಲ್ಲಿ ಟೈರು ಮಡ್‌ಗಾರ್ಡಿನೊಳಕ್ಕೆ ಹೋಗಿ ಎರಡು ಬೆರಳಿನ ಸಂದು ಉಳಿಯುತ್ತದೆ. ಇತ್ತ ಬಲಗಾಲಿ ಇಳಿಯುತ್ತದೆ, ಇನ್ನೂ ಇಳಿಯುತ್ತದೆ, ಸಾಕು ಎನ್ನುವಾಗ ಮತ್ತೂ ಒಂದಿಷ್ಟು ಇಳಿಯುತ್ತದೆ. ಈ ಬದಿಯ ಪಾಟಾ ಬಿಲ್ಲಾಗುತ್ತದೆ, ಶ್ಯಾಕಲ್ ಹೊರಳುತ್ತದೆ, ಶಾಕ್ ಅಬ್ಸಾರ್ಬರಿನ ಒಳಗಿನ ಹೊಳೆಯುವ ದಂಡ, ಎಂದೂ ಬಿಸಿಲು ಕಾಣದ ಭಾಗ, ಹೊರಗೆ ಬರುತ್ತದೆ. ಎದುರಿನಿಂದ ನೋಡಿದರೆ ಆಕ್ಸಲ್ ಒಂದು ಓರೆ ಗೆರೆ, ಬಂಪರ್ ಇನ್ನೊಂದು ಗೆರೆ, ಎರಡಕ್ಕೂ ಕೋನ ಬೇರೆ. ಹಿಂದೆ ಹೋಗಿ ನೋಡಿದರೆ ಹಿಂದಿನ ಆಕ್ಸಲ್ ಇದಕ್ಕೆ ತದ್ವಿರುದ್ಧ ಓರೆ. ನಡುವೆ ಮೈ ಎರಡರ ಸರಾಸರಿಯಲ್ಲಿ ನಿಂತಿದೆ, ಒಳಗೆ ಕೂತವರ ಕೈಯ ಚಹಾ ಲೋಟದಿಂದ ಚೆಲ್ಲುವುದಿಲ್ಲ. ನಾಲ್ಕೂ ಟೈರು ಮಣ್ಣನ್ನು ಒತ್ತಿವೆ, ನಾಲ್ಕರ ಹೂವೂ ಎರಿಯ ಮೇಲೆ ಅಚ್ಚಾಗಿ ಮೂಡುತ್ತಿದೆ.

ಸದ್ದೂ ಬದಲಾಗುತ್ತದೆ. ಬಾರು ಇದ್ದಾಗ ಸವೆದ ಬುಷ್‌ಗಳು ಪ್ರತಿ ಕಲ್ಲಿಗೂ ಕಟ್ ಕಟ್ ಎನ್ನುತ್ತಿರುತ್ತವೆ. ಅದು ಹೋದ ಮೇಲೆ ಕೇಳುವುದು ಪಾಟಾಗಳ ಎಲೆಗಳು ಒಂದರ ಮೇಲೊಂದು ಜಾರುವ ಮೆಲುಗುಟ್ಟುವಿಕೆ, ಎಂಜಿನ್ನಿನ ಗುನುಗು, ಟೈರಿನಡಿ ಹೆಂಟೆ ಪುಡಿಯಾಗುವ ಸದ್ದು. ಇನ್ನೊಂದು ಬದಲಾವಣೆ ಕುತ್ತಿಗೆಗೆ ತಿಳಿಯುತ್ತದೆ. ಒಂದೇ ಗಾಲಿಗೆ ಕಲ್ಲು ಸಿಕ್ಕಾಗ ಬಾರು ಆ ಏಟನ್ನು ಇಡೀ ಮೈಗೆ ಹಂಚಿ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಿಟಕಿಗೆ ಬಡಿಸುತ್ತದೆ. ಬಿಚ್ಚಿದ ಮೇಲೆ ಕಲ್ಲಿನ ವ್ಯವಹಾರ ಆ ಗಾಲಿ ಮತ್ತು ಅದರ ಪಾಟಾದ ನಡುವೆಯೇ ಬಹುಪಾಲು ಇತ್ಯರ್ಥವಾಗುತ್ತದೆ. ಕುಷ್ಟಗಿಯ ಗರಸು ದಾರಿಯಲ್ಲಿ ಇದೊಂದು ದೊಡ್ಡ ಉಪಕಾರ.

ಎಲ್ಲ ಗಾಡಿಗೂ ಒಂದೇ ಪ್ರಮಾಣದ ಫಲ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಜಿಪ್ಸಿಯ ಪಾಟಾಗಳೇ ಬಿಗಿ. ತುಕ್ಕು ಹಿಡಿದು ಎಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಾರು ತೆಗೆದರೂ ಗಾಲಿ ಇಳಿಯದು. ಅಂಥ ಗಾಡಿಗೆ ಮೊದಲು ಬೇಕಾದದ್ದು ಪಾಟಾ ಬಿಚ್ಚಿ, ಉಜ್ಜಿ, ಗ್ರಾಫೈಟ್ ಗ್ರೀಸು ಹಚ್ಚುವ ಕೆಲಸ. 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಗೆ ಗಟ್ಟಿ ಆಕ್ಸಲ್ಲುಗಳ ಮೇಲೆ ಕಾಯಿಲ್ ಸ್ಪ್ರಿಂಗು. ಕಾಯಿಲ್ಲು ಮೆತ್ತಗೆ, ಹಾಗಾಗಿ ಒಟ್ಟು ಬಿಗಿಯಲ್ಲಿ ಮುಂದಿನ ಬಾರಿನ ಪಾಲು ದೊಡ್ಡದು. ಅದನ್ನು ಬಿಚ್ಚಿದರೆ ಗಾಲಿ ಕಣ್ಣಿಗೆ ಕಾಣುವಷ್ಟು ಹೆಚ್ಚು ಇಳಿಯುತ್ತದೆ. ಜೊತೆಗೆ ಗಿರಗಿರ ತಿರುಗುವ ಗಾಲಿಗೆ ತಾನೇ ಬ್ರೇಕ್ ಹಿಡಿದು ಇನ್ನೊಂದಕ್ಕೆ ಬಲ ದಾಟಿಸುವ ವ್ಯವಸ್ಥೆ ಅದರಲ್ಲಿದೆ. ಹಾಗಾಗಿ ಜಿಮ್ನಿಗೆ ಬಾರು ಬಿಚ್ಚುವುದು ತೀರ ಅಗತ್ಯವೇನಲ್ಲ ಎನ್ನುವವರೂ ಇದ್ದಾರೆ. ಅಗತ್ಯದ ಮಾತು ಅವರಿಗಿರಲಿ. ಬ್ರೇಕಿನ ಕಟಕಟದಲ್ಲಿ ಒಡ್ಡು ದಾಟುವುದಕ್ಕೂ ಗಾಲಿಯೇ ತಗ್ಗನ್ನು ಹುಡುಕಿಕೊಂಡು ಇಳಿಯುವುದಕ್ಕೂ ರುಚಿ ಬೇರೆ.

ಈ ರುಚಿಗೆ ಅಳತೆಯೂ ಇದೆ. 20 ಡಿಗ್ರಿ ಇಳಿಜಾರಿನ ಒಂದು ಮಂಚಿಕೆಯ ಮೇಲೆ ಒಂದೇ ಮುಂಗಾಲಿ ಹತ್ತಿಸುತ್ತ ಹೋಗುವುದು. ಉಳಿದ ಮೂರರಲ್ಲಿ ಒಂದು ನೆಲ ಬಿಡುವ ಕ್ಷಣಕ್ಕೆ ನಿಲ್ಲಿಸುವುದು. ಮಂಚಿಕೆಯ ಮೇಲೆ ಏರಿದ ದೂರವನ್ನು ಗಾಡಿಯ ಮುಂದಿನ ಹಿಂದಿನ ಗಾಲಿಗಳ ಅಂತರದಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಅಂಕ ಹೆಚ್ಚಿದಷ್ಟೂ ಗಾಡಿ ಬಳುಕು. ಮಂಚಿಕೆ ಇಲ್ಲದವರಿಗೆ ಕಾಲುವೆಯ ದಂಡೆ ಸಾಕು, ತುಂಗಭದ್ರಾ ಎಡದಂಡೆಯ ಸೀಮೆಯಲ್ಲಿ ದಂಡೆಗೆ ಬರವಿಲ್ಲ.

ನಾಲ್ಕಕ್ಕೂ ನೆಲ ಮುಟ್ಟಿಸುವ ಈ ಹಟದ ಕೊನೆಯ ತುದಿ ನೋಡಬೇಕಾದರೆ ಭೂಮಿ ಬಿಟ್ಟು ಹೋಗಬೇಕು. 1997ರ ಜುಲೈನಲ್ಲಿ ಮಂಗಳಕ್ಕೆ ಇಳಿದ ಸೋಜರ್ನರ್ ಬಂಡಿಗೆ ಸ್ಪ್ರಿಂಗೇ ಇರಲಿಲ್ಲ. ಆರು ಗಾಲಿ, ಬದಿಗೊಂದು ತೂಗುವ ತೋಳು, ತೋಳಿನ ತುದಿಗೆ ಇನ್ನೊಂದು ಕಿರಿಯ ತೋಳು, ಎಡ ಬಲದ ತೋಳುಗಳ ನಡುವೆ ಒಂದು ಕೊಂಡಿ. ಎಡತೋಳು ಏರಿದರೆ ಬಲತೋಳು ಅಷ್ಟೇ ಇಳಿಯುತ್ತದೆ, ಮೈ ಎರಡರ ಸರಾಸರಿಯಲ್ಲಿ ನಿಲ್ಲುತ್ತದೆ. ನಮ್ಮ ಟ್ರ್ಯಾಕ್ಟರಿನ ಪಿನ್ನಿನ ದೂರದ ನೆಂಟ ಅದು. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಓಡಾಡಿದ 26 ಕಿಲೊ ತೂಕದ ಪ್ರಜ್ಞಾನ್ ಬಂಡಿಯದೂ ಇದೇ ರೀತಿಯ ಆರು ಗಾಲಿಯ ಜೋಡಣೆ. ಅದು ಸೆಕೆಂಡಿಗೆ ಸೆಂಟಿಮೀಟರಿನ ಲೆಕ್ಕದಲ್ಲಿ ಚಲಿಸುವ ಬಂಡಿ, ಹಾಗಾಗಿ ಬಾರಿನ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಬಾರಿನ ಪ್ರಶ್ನೆ ಕುಷ್ಟಗಿಯ ಮೇಲೆ ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬರುತ್ತದೆ. ಚಕ್ಕಡಿಯ ವಾಲಾಟದಲ್ಲಿ ಆಗದ ಭಯ ಆಗುವುದು ಇಲ್ಲಿ. ಬಾರು ಬಿಚ್ಚಿದ ಗಾಡಿ ಗಂಟೆಗೆ 80 ಕಿಲೊಮೀಟರಿನಲ್ಲಿ ಲಾರಿ ಹಿಂದೆ ಹಾಕಲು ಹೊರಳಿದಾಗ ಮೊದಲು ಸ್ಟೀರಿಂಗ್ ತಿರುಗುತ್ತದೆ, ಆಮೇಲೆ ಮೈ ವಾಲುತ್ತದೆ, ಆಮೇಲೆ ಗಾಡಿ ತಿರುಗುತ್ತದೆ. ಮರಳಿ ಸಾಲಿಗೆ ಬರುವಾಗ ಆ ವಾಲು ಇನ್ನೊಂದು ಬದಿಗೆ ಧುಮುಕುತ್ತದೆ. ಮುಂದಿನ ಬಾರಿಗೆ ಇನ್ನೊಂದು ಗುಪ್ತ ಕೆಲಸವೂ ಇದೆ. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಒಟ್ಟು ಎಷ್ಟು ಭಾರ ದಾಟುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಗಾಡಿಯ ಎತ್ತರ, ಅಗಲ ಮತ್ತು ವೇಗ. ಬಾರು ಅದನ್ನು ಅಷ್ಟಾಗಿ ಕಡಿಮೆ ಮಾಡಲಾರದು. ಅದು ಮಾಡುವುದು ಹಂಚಿಕೆ. ಮುಂದೆ ಬಾರು ಇದ್ದರೆ ಆ ದಾಟುವಿಕೆಯ ಹೆಚ್ಚಿನ ಪಾಲು ಮುಂದಿನ ಟೈರುಗಳ ಮೇಲೆ ಬೀಳುತ್ತದೆ, ವೇಗ ಮೀರಿದಾಗ ಮೊದಲು ಮೂತಿ ಜಾರುತ್ತದೆ. ಮೂತಿ ಜಾರುವುದು ಹೆದರಿದ ಚಾಲಕ ಕಾಲು ತೆಗೆದರೆ ಸರಿಹೋಗುವ ಜಾರು. ಬಾರು ತೆಗೆದರೆ ಆ ಪಾಲು ಹಿಂದಕ್ಕೆ ಸರಿದು, ಬಾಲ ಜಾರಲು ಕಾದಿರುತ್ತದೆ, ಅದನ್ನು ಹಿಡಿಯುವ ಕೈ ಎಲ್ಲರಿಗೂ ಇರುವುದಿಲ್ಲ. ಜಿಪ್ಸಿಯ ಅಮೆರಿಕದ ಸೋದರ ಸುಜುಕಿ ಸಮುರಾಯ್ ಬಾರು ಇದ್ದೂ ತೊಂದರೆಗೆ ಸಿಕ್ಕಿತ್ತು. ತಟ್ಟನೆ ತಿರುಗಿಸಿದರೆ ಮಗುಚುತ್ತದೆ ಎಂದು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1988ರಲ್ಲಿ ಅದನ್ನು ಸ್ವೀಕಾರಾರ್ಹವಲ್ಲ ಎಂದು ಬರೆಯಿತು, ಸುಜುಕಿ 1996ರಲ್ಲಿ ಮೊಕದ್ದಮೆ ಹೂಡಿತು, 2004ರಲ್ಲಿ ರಾಜಿಯಾಯಿತು. ಯಾರ ವಾದ ಸರಿ ಎಂಬ ಜಗಳ ಹಳೆಯ ಸುಜುಕಿ ಪ್ರಿಯರಲ್ಲಿ ಇನ್ನೂ ಮುಗಿದಿಲ್ಲ. ಎತ್ತರದ, ಕಿರಿದಾದ, ಹಗುರ ಗಾಡಿಯನ್ನು ಹೆದ್ದಾರಿಯಲ್ಲಿ ಎಚ್ಚರದಿಂದ ಓಡಿಸಬೇಕು ಎಂಬುದರಲ್ಲಿ ಮಾತ್ರ ಜಗಳವಿಲ್ಲ.

ಆದ್ದರಿಂದ ಬಾರನ್ನು ಬಿಚ್ಚಿ ಗುಜರಿಗೆ ಹಾಕುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೋಂದಣಿಯಾದ ಗಾಡಿಯನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎನ್ನುವ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಒಂದು ಕಡೆ ಇದ್ದೇ ಇದೆ. ವಿಮೆಯವರ ಕಣ್ಣು ಇನ್ನೊಂದು ಕಡೆ. ಅದೆಲ್ಲ ಇಲ್ಲದಿದ್ದರೂ, ಹೊಲದ ಸುಖಕ್ಕಾಗಿ ಹೆದ್ದಾರಿಯ ಕಾವಲು ಮಾರುವುದು ಬುದ್ಧಿವಂತರ ವ್ಯಾಪಾರವಲ್ಲ. ಬಿಚ್ಚಬೇಕಾದದ್ದು ಟಾರು ಮುಗಿಯುವಲ್ಲಿ, ಕಟ್ಟಬೇಕಾದದ್ದು ಟಾರು ಶುರುವಾಗುವಲ್ಲಿ. ಜೀಪ್ ಕಂಪನಿಯವರು 2007ರಿಂದ ತಮ್ಮ ರ‍್ಯಾಂಗ್ಲರ್ ರುಬಿಕಾನಿಗೆ ಇದನ್ನೇ ಒಂದು ಗುಂಡಿಯಲ್ಲಿ ಮಾಡಿಟ್ಟಿದ್ದಾರೆ. ಒತ್ತಿದರೆ ಬಾರು ನಡುವೆ ಎರಡಾಗಿ ಬಿಡಿಸಿಕೊಳ್ಳುತ್ತದೆ, ವೇಗ ಗಂಟೆಗೆ ಸುಮಾರು 29 ಕಿಲೊಮೀಟರ್ ದಾಟಿದರೆ ತಾನೇ ಕೂಡಿಕೊಳ್ಳುತ್ತದೆ. ಜಾಣತನವೇನೋ ಹೌದು. ಆ ಗುಂಡಿಯ ಬೆಲೆಗೆ ಎಷ್ಟು ಹಳೆಯ ಜಿಪ್ಸಿ ಬಂದಾವು ಎಂಬ ಲೆಕ್ಕ ಹಾಕಿ ನಾನು ಪಾನೆಯನ್ನೇ ಕೈಗೆತ್ತಿಕೊಳ್ಳುತ್ತೇನೆ.

ಪಾನೆಯ ಕೆಲಸದಲ್ಲಿ ಆತುರ ಸಲ್ಲದು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಶುರುಮಾಡುವುದು. ಒಂದು ಬದಿ ಎತ್ತರದಲ್ಲಿದ್ದರೆ ಬಾರು ತಿರುಚಿಕೊಂಡೇ ಇರುತ್ತದೆ, ಬೋಲ್ಟು ಸಡಿಲಿಸಿದ ಕ್ಷಣ ಸಿಡಿದು ಬೆರಳಿಗೆ ಬಡಿಯುತ್ತದೆ. ಬರೀ ತುದಿಯ ಲಿಂಕು ಬಿಚ್ಚಿ ಬಾರನ್ನು ನೇತಾಡಲು ಬಿಡುವ ಸೋಮಾರಿತನ ಬೇಡ. ಅದು ಬ್ರೇಕ್ ಪೈಪಿಗೋ ಟೈರಿಗೋ ಸಿಕ್ಕಿಕೊಳ್ಳುತ್ತದೆ. ಮೇಲಕ್ಕೆತ್ತಿ ಚಾಸಿಗೆ ಬಿಗಿದು ಕಟ್ಟಬೇಕು, ಇಲ್ಲವೇ ಚಾಸಿಯ ಎರಡು ಕ್ಲ್ಯಾಂಪನ್ನೂ ಬಿಚ್ಚಿ ಪೂರ್ತಿ ಹೊರಗೆ ತೆಗೆದು ಸೀಟಿನ ಹಿಂದೆ ಮಲಗಿಸಬೇಕು. ಬಿಚ್ಚಿದ ಮೇಲೆ ಗಾಲಿ ಮೊದಲಿಗಿಂತ ಕೆಳಗೆ ಇಳಿಯುತ್ತದಷ್ಟೆ, ಆಗ ರಬ್ಬರಿನ ಬ್ರೇಕ್ ಪೈಪು ಎಳೆದು ಬಿಗಿಯಾಗುತ್ತದೆಯೇ ಎಂದು ಒಂದು ಬದಿ ಜ್ಯಾಕ್ ಹಾಕಿ ಎತ್ತಿ ನೋಡದೆ ಒಡ್ಡಿನ ಕಡೆ ಹೋಗಲೇಬಾರದು. ಪೈಪು ಗಿಡ್ಡವಾಗಿದ್ದರೆ ಅಂದಿನ ಆಟ ಅಲ್ಲಿಗೆ ಬಂದ್. ಮರಳಿ ಕಟ್ಟುವಾಗ ಗಾಡಿಯ ಭಾರ ಗಾಲಿಗಳ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ ಕೊಡುವುದು, ಜ್ಯಾಕಿನ ಮೇಲೆ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿದ ಸ್ಥಿತಿಯಲ್ಲೇ ಸಿಕ್ಕಿ ಬೇಗ ಹರಿಯುತ್ತದೆ. ಬೋಲ್ಟೊಂದು ಎರಿಯಲ್ಲಿ ಬಿದ್ದು ಕಾಣೆಯಾದರೆ ಗಂಗಾವತಿಯ ಯಾವುದಾದರೂ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕೀತು. ಜಿಪ್ಸಿ ತಯಾರಿಕೆ ನಿಂತು ವರ್ಷಗಳಾದವು, ಬುಷ್ ಜೋಡಿ ಮಾತ್ರ ಮೊದಲೇ ತಂದಿಟ್ಟುಕೊಂಡಿರಬೇಕು.